ಕಠ್ಮಂಡುವಿಗೆ ಹೊರಟಿದ್ದೀರಾ? ಒಂದು ಸಂಜೆ ನಾಟಕಕ್ಕೆ ಇಡಿ

ಪಶುಪತಿನಾಥ, ಮುಕ್ತಿನಾಥ, ಜನಕಪುರ ಅಂತ ಯಾತ್ರೆಗೆ ಹೊರಟಿರುವ ಕನ್ನಡಿಗರಿಗೆ, ಅವರನ್ನು ಕರೆದುಕೊಂಡು ಹೋಗುವ ಟೂರ್‌ನವರಿಗೆ, ಹಾಗೇ ನಮ್ಮ ಊರುಗಳಲ್ಲಿ ನಾಟಕೋತ್ಸವ ಮಾಡಿಸುವ ಗೆಳೆಯರಿಗೆ,

ನಮಸ್ಕಾರ.

ಸುತ್ತು ಬಳಸದೆ ಹೇಳಿಬಿಡುತ್ತೇನೆ. ಕಠ್ಮಂಡುವಿಗೆ ಹೋದಾಗ ಒಂದು ಸಂಜೆಯನ್ನು ಅಲ್ಲಿನ ನಾಟಕಕ್ಕೆ ಇಟ್ಟುಕೊಳ್ಳಿ. ಹೋಟೆಲಿನಲ್ಲಿ ಊಟದ ಜೊತೆ ತೋರಿಸುವ ‘ಸಾಂಸ್ಕೃತಿಕ ಸಂಜೆ’ಯನ್ನು ಹೇಳುತ್ತಿಲ್ಲ. ಟಿಕೆಟ್ ತಗೊಂಡು, ಹಲಗೆ ಮೇಲೆ ಒತ್ತಾಗಿ ಕೂತು, ಎದುರಿಗಿರುವ ನಟರ ಬೆವರು ಕಾಣುವಷ್ಟು ಹತ್ತಿರದಿಂದ ನೋಡುವ ನಾಟಕ. ನಮ್ಮವರ ಪ್ರವಾಸದ ಬರಹಗಳಲ್ಲಿ, ವಿಡಿಯೊಗಳಲ್ಲಿ ನೇಪಾಳ ಅಂದರೆ ಹಿಮ, ದೇವಸ್ಥಾನ, ಪ್ರವಾಸಿಗರ ಪೇಟೆಯಾದ ಥಮೇಲಿನ ಅಂಗಡಿ, ಕ್ಯಾಸಿನೊ. ಅಷ್ಟಕ್ಕೇ ಮುಗಿಯಿತು. ನಲವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಅಲ್ಲಿ ಹೊಸ ರಂಗಭೂಮಿಯನ್ನು ಕಟ್ಟುತ್ತಿರುವವರ ಸುದ್ದಿ ಎಲ್ಲೂ ಬರುವುದೇ ಇಲ್ಲ. ನಾಟಕ ಅಂದರೆ ಜೀವ ಬಿಡುವ ಕನ್ನಡಿಗರು ಹೀಗೆ ಸುಮ್ನೆ ಬಂದುಬಿಡುವುದು ಸರಿಯಲ್ಲ ಅಂತ ನನಗೆ ತುಂಬಾ ಅನ್ನಿಸಿದ್ದಕ್ಕೇ ಈ ಪತ್ರ.

ನಾನು ಹೋದ ಟೂರಿನಲ್ಲೂ ಒಂದು ಸಾಂಸ್ಕೃತಿಕ ಸಂಜೆ ಇತ್ತು. ಶೆರ್ಪಾ ಕುಣಿತ ಮೂರು ನಿಮಿಷ, ಥಾರು ಕುಣಿತ ಮೂರು ನಿಮಿಷ, ನೇವಾರ ಕುಣಿತ ಮೂರು ನಿಮಿಷ. ಅದು ಮುಗಿಯುವ ಹೊತ್ತಿಗೆ ದಾಲ್ ಭಾತ್ ಬಂತು. ಜನ ತಟ್ಟೆ ಕಡೆ ನೋಡಿದರು. ಹುಡುಗ ಹುಡುಗಿಯರು ಚೆನ್ನಾಗಿಯೇ ಕುಣಿದರು, ಅವರಿಗೆ ಅದು ಹೊಟ್ಟೆಪಾಡು, ಅವರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಬೇಸರ ಏನೆಂದರೆ, ಒಂದು ನಾಡಿನ ಕುಣಿತ, ಹಾಡು, ಮುಖವಾಡ ಎಲ್ಲವನ್ನೂ ಹೀಗೆ ತುಂಡು ತುಂಡು ಮಾಡಿ ಬಡಿಸಿದ ಮೇಲೆ ನಾವು ‘ನೇಪಾಳದ ಸಂಸ್ಕೃತಿ ನೋಡಿದೆವು’ ಅಂತ ಊರಿಗೆ ವಾಪಸ್ ಬಂದುಬಿಡುತ್ತೇವೆ. ನೋಡಿದ್ದೇವಾ? ಇಲ್ಲ.

ಮರುದಿನ ಸಂಜೆ ಎಲ್ಲರೂ ಶಾಪಿಂಗ್‌ಗೆ ಹೋದರು. ನಾನು ನಾಟಕಕ್ಕೆ ಹೋದೆ. ಸಣ್ಣ ಗೇಟು, ಒಳಗೆ ಅಂಗಳ, ಅಂಗಳದಲ್ಲಿ ಚಿಯಾ ಕುಡಿಯುತ್ತಾ ನಿಂತ ಕಾಲೇಜು ಹುಡುಗರು. ಅವರು ಚಹಾಕ್ಕೆ ಹೇಳುವ ಹೆಸರು ಚಿಯಾ. ಒಳಗೆ ಎತ್ತರದ ವೇದಿಕೆಯೇ ಇಲ್ಲ. ಮೂರು ಕಡೆ ಮೆಟ್ಟಿಲು ಮೆಟ್ಟಿಲಾಗಿ ಹಲಗೆ, ನಡುವೆ ಖಾಲಿ ನೆಲ. ಮೂಲೆಯಲ್ಲಿ ಮಾದಲ್ ಅನ್ನುವ ಅಲ್ಲಿನ ಡೋಲು ಬಾರಿಸುವವರು ಒಬ್ಬರು, ಸಾರಂಗಿ ಹಿಡಿದವರು ಒಬ್ಬರು. ದೀಪ ಆರಿತು, ಮಾದಲಿನ ಒಂದು ಪೆಟ್ಟಿಗೆ ಇಬ್ಬರು ನಟರು ನೆಲಕ್ಕೆ ಕೂತರು. ಮುಂದಿನ ಸಾಲಿನಲ್ಲಿದ್ದ ನನ್ನ ಕಾಲಿಗೂ ಅವರಿಗೂ ನಡುವೆ ಒಂದು ಮೊಳ ಜಾಗ ಇದ್ದಿರಬಹುದು. ಮಾತು ನೇಪಾಳಿ. ಹಿಂದಿ ಸ್ವಲ್ಪ ಬಂದರೆ ಅರ್ಧ ಮಾತು ತಿಳಿಯುತ್ತದೆ, ಉಳಿದರ್ಧ ಮೈ ಹೇಳುತ್ತದೆ. ನಟಿಯೊಬ್ಬರು ಹೆಗಲ ಮೇಲಿನ ಶಾಲನ್ನು ಒಮ್ಮೆ ಕಂಕುಳಿಗೆ ಕಟ್ಟಿ ಮಗು ಮಾಡಿದರು, ಮತ್ತೊಮ್ಮೆ ಬೆನ್ನಿಗೆ ಹಾಕಿ ಹೊರೆ ಮಾಡಿದರು, ಕೊನೆಗೆ ಅದನ್ನೇ ನೆಲದ ಮೇಲೆ ಹಾಸಿ ಹೆಣ ಮಾಡಿದರು. ಮಾದಲಿನ ಲಯ ಮಾತ್ರ ಹೊಲದಲ್ಲಿ ಹಾಡುವ ಹಾಡಿನದ್ದು, ಒಂದಿಷ್ಟೂ ಬದಲಾಗಲಿಲ್ಲ. ಕತೆ ಇವತ್ತಿನದು, ಗಲ್ಫಿಗೆ ದುಡಿಯಲು ಹೋದವರ ಮನೆಯದು. ಹಿಂದಿನ ರಾತ್ರಿ ಹೋಟೆಲಿನಲ್ಲಿ ಕೇಳಿದ್ದ ಅದೇ ಮಾದಲ್ ಇಲ್ಲಿ ಬೇರೆಯೇ ಕೆಲಸ ಮಾಡುತ್ತಿತ್ತು.

ಇದನ್ನು ಪ್ರಯೋಗಾತ್ಮಕ ನಾಟಕ ಅಂತ ಕರೆಯಿರಿ, ಸಮಕಾಲೀನ ಅನ್ನಿ, ಹೆಸರು ಏನಾದರೂ ಇರಲಿ. ಇದು ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ಹೇಳಬೇಕು. ಗೊತ್ತಿದ್ದರೆ ನಿಮಗೆ ನೋಡುವುದಕ್ಕೆ ಹೆಚ್ಚು ಸಿಗುತ್ತದೆ.

ನೇಪಾಳವನ್ನು ಆಳಿದ ಪ್ರಧಾನಿ ಮನೆತನವಾದ ರಾಣಾಗಳ ಕಾಲದಲ್ಲಿ ನಾಟಕ ಅಂದರೆ ಹೆಚ್ಚಾಗಿ ಅರಮನೆಯೊಳಗಿನ ವಿಷಯ. ನಮ್ಮ ಕಡೆಯಿಂದ ಹೋದ ಪಾರ್ಸಿ ಶೈಲಿಯ ಝಗಮಗ ಅಲ್ಲೂ ಇತ್ತು. ನಾಟಕಕಾರರಾದ ಬಾಲಕೃಷ್ಣ ಸಮ, ಗೋಪಾಲಪ್ರಸಾದ ರಿಮಾಲ್ ಬಂದ ಮೇಲೆ ನೇಪಾಳಿ ನಾಟಕಕ್ಕೆ ತನ್ನದೇ ಮಾತು ಸಿಕ್ಕಿತು. ಆದರೆ 1960ರಲ್ಲಿ ರಾಜ ಮಹೇಂದ್ರ ಪಕ್ಷಗಳನ್ನೆಲ್ಲ ನಿಷೇಧಿಸಿದರು, ಆಮೇಲೆ ಪಕ್ಷಗಳೇ ಇಲ್ಲದ, ರಾಜನ ಹಿಡಿತದ ಪಂಚಾಯತ್ ವ್ಯವಸ್ಥೆ ಬಂತು, 1990ರವರೆಗೆ ಬಾಯಿ ಬಿಟ್ಟು ಮಾತಾಡುವುದೇ ಕಷ್ಟ. ಆ ಮೂವತ್ತು ವರ್ಷದಲ್ಲಿ ವರ್ಷಕ್ಕೊಮ್ಮೆ ಒಂದು ಕಿಂಡಿ ತೆರೆಯುತ್ತಿತ್ತು: ಗಾಯಿಜಾತ್ರೆ. ಮನೆಯಲ್ಲಿ ಸಾವಾದವರು ಹಸುವನ್ನೋ, ಹಸುವಿನ ವೇಷ ಹಾಕಿದ ಮಕ್ಕಳನ್ನೋ ಬೀದಿಯಲ್ಲಿ ಮೆರವಣಿಗೆ ಮಾಡುವ ಹಬ್ಬ ಅದು. ಅವತ್ತು ದೊಡ್ಡವರನ್ನು ಗೇಲಿ ಮಾಡುವುದಕ್ಕೂ ಜನಕ್ಕೆ ಸಲುಗೆ. ಆ ಸಲುಗೆಯನ್ನು ಹಿಡಿದುಕೊಂಡೇ ಮದನಕೃಷ್ಣ ಶ್ರೇಷ್ಠ, ಹರಿವಂಶ ಆಚಾರ್ಯ ಅವರಂಥ ನಟರು ರಾಜಕೀಯದ ಮಾತನ್ನು ನಗುವಿನಲ್ಲಿ ಸುತ್ತಿ ವೇದಿಕೆಗೆ ತಂದರು. ಅಂದರೆ ಹಳೆಯ ಆಚರಣೆಯೇ ಹೊಸ ಮಾತಿಗೆ ನೆರಳು ಕೊಟ್ಟಿತು.

1982 ಮುಖ್ಯವಾದ ವರ್ಷ. ಅಶೇಷ್ ಮಲ್ಲ ಅವರ ಸರ್ವನಾಮ್ ತಂಡ, ಸುನಿಲ್ ಪೋಖರೇಲ್ ಅವರ ಆರೋಹಣ್ ತಂಡ ಎರಡೂ ಶುರುವಾಗಿದ್ದು ಆಗಲೇ. ಸಭಾಂಗಣ ಸಿಗದ ಕಾಲ ಅದು. ಅಶೇಷ್ ಮಲ್ಲ ಕೀರ್ತಿಪುರದ ತ್ರಿಭುವನ್ ವಿಶ್ವವಿದ್ಯಾಲಯದ ಬಯಲಿನಲ್ಲೇ ಬೀದಿ ನಾಟಕ ಆಡಿಸಿದರು. ‘ನಾವು ವಸಂತವನ್ನು ಹುಡುಕುತ್ತಿದ್ದೇವೆ’ ಅಂತ ಅದರ ಹೆಸರಿನ ಅರ್ಥ. ಯಾವ ವಸಂತ ಅಂತ ನೋಡುವವರಿಗೆಲ್ಲ ಗೊತ್ತಿತ್ತು.

ಬೀದಿ ನಾಟಕ ಅಲ್ಲಿನವರಿಗೆ ಅಷ್ಟು ಬೇಗ ಒಗ್ಗಿದ್ದು ಯಾಕೆ ಅಂದರೆ, ಕಠ್ಮಂಡು ಕಣಿವೆಯ ಊರುಗಳನ್ನು ಕಟ್ಟಿರುವುದೇ ಹಾಗೆ. ಕಠ್ಮಂಡು, ಪಾಟನ್, ಭಕ್ತಪುರ ಮೂರರಲ್ಲೂ ಚೌಕ ಚೌಕದಲ್ಲಿ ಕಲ್ಲಿನದೋ ಇಟ್ಟಿಗೆಯದೋ ಕಟ್ಟೆ ಕಾಣುತ್ತದೆ. ದಬಲಿ ಅನ್ನುತ್ತಾರೆ. ನಮ್ಮ ಟೂರಿನವರು ಅದರ ಮೇಲೆ ಕೂತು ಸೆಲ್ಫಿ ತೆಗೆದುಕೊಂಡರು, ಗೈಡ್ ಏನೂ ಹೇಳಲಿಲ್ಲ. ಅದು ಕುಣಿತಕ್ಕೆ, ನಾಟಕಕ್ಕೆ ಅಂತಲೇ ಕಟ್ಟಿದ ರಂಗ. ಸುತ್ತ ಮನೆಗಳ ಕಿಟಕಿ, ದೇವಸ್ಥಾನದ ಮೆಟ್ಟಿಲು ಎಲ್ಲವೂ ಪ್ರೇಕ್ಷಕರ ಜಾಗ. ಟಿಕೆಟ್ಟೂ ಇಲ್ಲ, ಪರದೆಯೂ ಇಲ್ಲ.

ಪಾಟನ್ ದರ್ಬಾರ್ ಚೌಕದಲ್ಲಿ ಕಾರ್ತಿಕ ಮಾಸದಲ್ಲಿ ನಡೆಯುವ ಕಾರ್ತಿಕ ನಾಚ್ ಬಗ್ಗೆ ಹೇಳಲೇಬೇಕು. 17ನೇ ಶತಮಾನದಲ್ಲಿ ಸಿದ್ಧಿ ನರಸಿಂಹ ಮಲ್ಲ ರಾಜ ಶುರು ಮಾಡಿದ್ದು. ಅದರ ತಿರುಳು ನರಸಿಂಹಾವತಾರ. ಯಕ್ಷಗಾನ ನೋಡಿ ಬೆಳೆದ ನಮಗೆ ಆ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಒಂದು ಗಳಿಗೆ ಬರುತ್ತದೆ. ನರಸಿಂಹನ ಮುಖವಾಡ ಹೊತ್ತವನು ಹತ್ತಿರ ಬರುತ್ತಾನೆ, ಹಿರಣ್ಯಕಶಿಪು ವೇಷದವನು ಎಚ್ಚರ ತಪ್ಪಿ ಬೀಳುತ್ತಾನೆ, ಸುತ್ತ ನಿಂತವರು ಹಿಡಿದುಕೊಳ್ಳುತ್ತಾರೆ, ಪೂಜಾರಿ ಬಂದು ಎಬ್ಬಿಸುವ ತನಕ ಚೌಕದಲ್ಲಿ ಯಾರಿಗೂ ಸಮಾಧಾನ ಇಲ್ಲ. ನಟನೆಯೋ ಆವೇಶವೋ ಅಂತ ಬೇರೆ ಮಾಡುವ ಅಗತ್ಯ ಅಲ್ಲಿ ಯಾರಿಗೂ ಕಾಣುವುದಿಲ್ಲ. ಒಂದು ಕಾಲದಲ್ಲಿ ತಿಂಗಳಿಡೀ ನಡೆಯುತ್ತಿದ್ದ ಇದು ಎರಡೇ ದಿನಕ್ಕೆ ಇಳಿದುಹೋಗಿತ್ತು. ಊರಿನವರೇ ಸಮಿತಿ ಮಾಡಿಕೊಂಡು, ಮರೆತ ಪದಗಳನ್ನು ಹಿರಿಯರಿಂದ ಕೇಳಿ ಕಲಿತು, ಮತ್ತೆ ದಿನಗಳನ್ನು ಹೆಚ್ಚಿಸಿಕೊಂಡಿದ್ದಾರೆ. ದೀಪಾವಳಿ ರಜೆಗೆ ಹೋಗುವವರು ವಿಚಾರಿಸಿಕೊಂಡು ಹೋಗಿ.

ಭಕ್ತಪುರದ ನವದುರ್ಗೆಯರ ಕತೆ ಇನ್ನೂ ಗಾಢವಾದದ್ದು. ಗಾಥಾ ಅಥವಾ ಬನಮಾಲ ಅನ್ನುವ ಹೂವಾಡಿಗರ ಸಮುದಾಯದವರು ದಸರೆಯಿಂದ ಶುರು ಮಾಡಿ ಎಷ್ಟೋ ತಿಂಗಳು ಕೇರಿಯಿಂದ ಕೇರಿಗೆ, ಊರಿಂದ ಊರಿಗೆ ಮುಖವಾಡ ಹೊತ್ತು ಕುಣಿಯುತ್ತಾರೆ. ಮಳೆಗಾಲದ ಹೊತ್ತಿಗೆ ಆ ವರ್ಷದ ಸುತ್ತು ಮುಗಿದಾಗ ಮುಖವಾಡಗಳನ್ನು ಸುಡುತ್ತಾರೆ. ಮುಂದಿನ ವರ್ಷಕ್ಕೆ ಚಿತ್ರಕಾರರು ಮಣ್ಣಿನಿಂದ ಹೊಸದು ಮಾಡುತ್ತಾರೆ. ಥಮೇಲಿನ ಅಂಗಡಿಯಲ್ಲಿ ನಾವು ಚೌಕಾಸಿ ಮಾಡಿ ತಂದು ಗೋಡೆಗೆ ಹಾಕುವ ಮುಖವಾಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹೊಸ ರಂಗಕರ್ಮಿಗಳ ಕಷ್ಟ ಇರುವುದು ಇಲ್ಲೇ. ಇಷ್ಟು ಜೀವಂತವಾದ ಆಚರಣೆ ಪಕ್ಕದ ಬೀದಿಯಲ್ಲೇ ನಡೆಯುತ್ತಿರುವಾಗ ಅದನ್ನು ನಾಟಕದೊಳಗೆ ತರುವುದು ಹೇಗೆ? ದೇವರ ಮುಖವಾಡವನ್ನು ಹಾಗೇ ಎತ್ತಿ ತಂದರೆ ಅದು ಕಳ್ಳತನ ಆಗುತ್ತದೆ. ದೂರ ಇಟ್ಟರೆ ನಾಟಕ ಎಲ್ಲಿಂದಲೋ ಎರವಲು ತಂದದ್ದರ ಥರ ಒಣಗುತ್ತದೆ. ನೇವಾರ ಬೌದ್ಧರ ಪುರೋಹಿತ ಮನೆತನಗಳಾದ ವಜ್ರಾಚಾರ್ಯರ ಚರ್ಯಾ ನೃತ್ಯವನ್ನೇ ನೋಡಿ. ಅದು ಬೌದ್ಧ ಪೂಜೆಯ ಭಾಗ. ಕಳೆದ ಶತಮಾನದ ನಡುವಿನ ತನಕ ದೀಕ್ಷೆ ಇಲ್ಲದವರು ನೋಡುವ ಹಾಗೂ ಇರಲಿಲ್ಲ. ಈಗ ಹೊರಗಿನವರಿಗೂ ಕಲಿಸುತ್ತಾರೆ, ವೇದಿಕೆಗೂ ಬಂದಿದೆ. ಯಾವುದು ಹೊರಗೆ ಬರಬಹುದು, ಯಾವುದು ಒಳಗೇ ಇರಬೇಕು ಅನ್ನುವುದನ್ನು ಆ ಮನೆತನದವರೇ ಹೇಳಬೇಕು ಅಂತ ನನ್ನ ಅಭಿಪ್ರಾಯ. ಕೇಳಿ, ಕೂತು, ಕಲಿತು ಮಾಡಿದ ಕೆಲಸಕ್ಕೂ ವಿಡಿಯೊ ನೋಡಿ ಎತ್ತಿಕೊಂಡ ಕೆಲಸಕ್ಕೂ ಇರುವ ವ್ಯತ್ಯಾಸ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಈ ಕಷ್ಟಕ್ಕೆ ಒಳ್ಳೆಯ ಉತ್ತರ ಕೊಟ್ಟವರಲ್ಲಿ ಆರೋಹಣ್ ತಂಡದವರು ಮುಖ್ಯರು. ಸುನಿಲ್ ಪೋಖರೇಲ್ ಕಲಿತದ್ದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ. ಅವರಿಗಿಂತ ಮುಂಚೆ, 1977ರಲ್ಲಿ, ನಮ್ಮ ಬಿ.ವಿ. ಕಾರಂತರು ನಿರ್ದೇಶಕರಾದ ಶಾಲೆ ಅದು. 2000ದ ದಶಕದ ಆರಂಭದಲ್ಲಿ ಪೋಖರೇಲ್ ಮತ್ತು ಗೆಳೆಯರು ಕಠ್ಮಂಡುವಿನ ಪುರಾನೊ ಬಾನೇಶ್ವರದಲ್ಲಿ ‘ಗುರುಕುಲ’ ಕಟ್ಟಿದರು. ಹೆಸರಿಗೆ ತಕ್ಕ ಹಾಗೆ ಅಲ್ಲೇ ವಾಸ, ಅಲ್ಲೇ ಅಡುಗೆ, ಅಲ್ಲೇ ತಾಲೀಮು. ಹಳ್ಳಿಗಳಿಂದ, ಪೂರ್ವದ ಬೆಟ್ಟಗಳಿಂದ ಬಂದ ಹುಡುಗ ಹುಡುಗಿಯರು ಒಟ್ಟಿಗೆ ಇದ್ದು ಕಲಿತರು. ಎರಡು ರಂಗಮಂದಿರ, ಒಂದಕ್ಕೆ ಸಮ ಅವರ ಹೆಸರು, ಇನ್ನೊಂದಕ್ಕೆ ರಿಮಾಲ್ ಅವರ ಹೆಸರು. ಮುಖ್ಯವಾಗಿ, ಒಂದು ನಾಟಕ ಕಟ್ಟಿದರೆ ಅದನ್ನು ದಿನಾ ಆಡುವುದು, ವಾರಗಟ್ಟಲೆ. ನಮ್ಮಲ್ಲಿ ಎರಡು ತಿಂಗಳು ತಾಲೀಮು ಮಾಡಿ ಎರಡು ಪ್ರದರ್ಶನಕ್ಕೆ ಸೆಟ್ ಬಿಚ್ಚಿಡುವ ಹವ್ಯಾಸಿ ತಂಡಗಳ ಸಂಕಟ ಗೊತ್ತಿರುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ತಿಳಿಯುತ್ತದೆ. ಬೆಂಗಳೂರಿನ ರಂಗಶಂಕರ ಬಾಗಿಲು ತೆರೆದದ್ದು 2004ರಲ್ಲಿ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಲ್ಲೂ ಟಿಕೆಟ್ ಕೊಂಡು ನಾಟಕ ನೋಡುವ ಅಭ್ಯಾಸ ಬೆಳೆಯುತ್ತಿತ್ತು.

ಗುರುಕುಲ ನಾರ್ವೆಯ ನಾಟಕಕಾರ ಇಬ್ಸನ್‌ನ ‘ಗೊಂಬೆಮನೆ’ ನಾಟಕವನ್ನು ‘ಪುತಲೀಕೊ ಘರ್’ ಅಂತ ಕಠ್ಮಂಡುವಿನ ಮಧ್ಯಮ ವರ್ಗದ ಮನೆಯನ್ನಾಗಿ ಮಾಡಿತು. ನಿಶಾ ಶರ್ಮಾ ನಾಯಕಿ ನೋರಾಳ ಪಾತ್ರ ಮಾಡಿದರು. ಅದು ಹೊರದೇಶಗಳಿಗೂ ಹೋಗಿ ಬಂತು. ಆದರೆ ನನ್ನ ಮಟ್ಟಿಗೆ ಗುರುಕುಲದ ದೊಡ್ಡ ಕೆಲಸ ಕಚಹರಿ ನಾಟಕ.

ಅದು ಹೇಗೆ ನಡೆಯುತ್ತದೆ ಅಂದರೆ, ಹಳ್ಳಿಯಲ್ಲಿ ಜಗಳ ಬಂದರೆ ಹಿರಿಯರು ಕೂತು, ಊರವರ ಎದುರಿಗೆ ಎರಡೂ ಕಡೆ ಕೇಳಿ ನ್ಯಾಯ ಹೇಳುವ ಪದ್ಧತಿ ಅಲ್ಲಿ ಇತ್ತು. ನಮ್ಮ ಪಂಚಾಯಿತಿ ಕಟ್ಟೆಯ ಥರ. ಅದರ ಹೆಸರೇ ಕಚಹರಿ. ಬ್ರೆಜಿಲ್‌ನ ಆಗಸ್ಟೊ ಬೋಲ್ ಕಟ್ಟಿದ ದಮನಿತರ ರಂಗಭೂಮಿಯ ಕ್ರಮವನ್ನು ಈ ಹಳೆಯ ಪದ್ಧತಿಗೆ ಜೋಡಿಸಿದರು. ತಂಡ ಮೊದಲು ಊರಿಗೆ ಹೋಗಿ ಜನರ ಹತ್ತಿರ ಮಾತಾಡಿ ಕತೆ ಕೇಳುತ್ತದೆ. ವರದಕ್ಷಿಣೆ, ಜಾತಿಯ ಕಾರಣಕ್ಕೆ ನಲ್ಲಿ ಮುಟ್ಟಬಾರದು ಅನ್ನುವುದು, ಮಾಟಗಾತಿ ಅಂತ ಹೆಂಗಸನ್ನು ಹೊಡೆಯುವುದು, ಇಂಥವು. ಆಮೇಲೆ ಅದನ್ನೇ ಸಣ್ಣ ನಾಟಕ ಮಾಡಿ ಆ ಊರಲ್ಲೇ ಆಡುತ್ತಾರೆ. ಅನ್ಯಾಯ ಕುತ್ತಿಗೆಗೆ ಬಂದ ಜಾಗದಲ್ಲಿ ನಾಟಕ ನಿಂತುಬಿಡುತ್ತದೆ. ಸೂತ್ರಧಾರ ಎದ್ದು ಬಂದು ಜನರನ್ನು ಕೇಳುತ್ತಾನೆ: ಈಗ ಈ ಸೊಸೆ ಏನು ಮಾಡಬೇಕು? ಯಾರೋ ಕೂತಲ್ಲಿಂದಲೇ ಕೂಗುತ್ತಾರೆ. ‘ಬನ್ನಿ, ಇಲ್ಲಿ ಬಂದು ಮಾಡಿ ತೋರಿಸಿ’ ಅನ್ನುತ್ತಾನೆ. ಹಿಂಜರಿದು ಹಿಂಜರಿದು ಒಬ್ಬ ಹೆಂಗಸು ಎದ್ದು ಬಂದು ಸೊಸೆಯ ಜಾಗದಲ್ಲಿ ನಿಲ್ಲುತ್ತಾಳೆ. ಅತ್ತೆ ಪಾತ್ರದವರು ಸುಲಭಕ್ಕೆ ಸೋಲುವುದಿಲ್ಲ, ಎದುರು ಮಾತಾಡುತ್ತಾರೆ, ಗಂಡನ ಪಾತ್ರದವನು ಕೈ ಎತ್ತುತ್ತಾನೆ. ಅವಳು ಇನ್ನೊಂದು ದಾರಿ ಹುಡುಕಬೇಕು. ಅವಳಿಗೆ ಆಗದಿದ್ದರೆ ಮತ್ತೊಬ್ಬರು. ಹಳೆಯ ಕಚಹರಿಯಲ್ಲಿ ತೀರ್ಪು ಹೇಳುತ್ತಿದ್ದದ್ದು ದೊಡ್ಡ ಮನೆಯ ಗಂಡಸರು. ಇಲ್ಲಿ ಯಾವತ್ತೂ ಬಾಯಿ ತೆರೆಯದವರ ಕೈಗೆ ಆ ಜಾಗ ಬಂತು. ಪರಂಪರೆಯನ್ನು ಬಳಸುವುದು ಅಂದರೆ ನನಗೆ ಇದು. ಹಳೆಯ ಕಟ್ಟೆಯ ಮೇಲೆ ಯಾರು ಕೂರಬೇಕು ಅನ್ನುವುದನ್ನೇ ಬದಲಾಯಿಸಿದರಲ್ಲ, ಅದು.

2006ರ ಏಪ್ರಿಲ್‌ನಲ್ಲಿ ರಾಜನ ನೇರ ಆಡಳಿತದ ವಿರುದ್ಧ 19 ದಿನದ ಜನಾಂದೋಲನ ನಡೆದಾಗ ಕಲಾವಿದರು ಬೀದಿಗೆ ಇಳಿದಿದ್ದರಲ್ಲಿ ಆಶ್ಚರ್ಯ ಏನಿಲ್ಲ. ಅವರು ಬಂದಿದ್ದೇ ಬೀದಿಯಿಂದ ಅಲ್ವಾ. ಎರಡು ವರ್ಷದ ಮೇಲೆ ನೇಪಾಳ ಗಣರಾಜ್ಯವಾಯಿತು.

ಇಷ್ಟೆಲ್ಲ ಮಾಡಿದ ಗುರುಕುಲ ಈಗ ಆ ಜಾಗದಲ್ಲಿ ಇಲ್ಲ. ಹತ್ತು ವರ್ಷ ನಡೆದು, ಜಮೀನಿನ ಗುತ್ತಿಗೆಯ ತೊಂದರೆಯಲ್ಲಿ ಆ ಅಂಗಳ ಕೈತಪ್ಪಿತು. ಕಠ್ಮಂಡುವಿನ ಖಾಸಗಿ ರಂಗಮಂದಿರಗಳಲ್ಲಿ ಎಷ್ಟೋ ಇಂಥ ಬಾಡಿಗೆ ಜಾಗದಲ್ಲೇ ನಿಂತಿವೆ. ಇಟ್ಟಿಗೆ, ತಗಡು, ಬಿದಿರು, ತಂಡದವರದೇ ಕೈಕೆಲಸ. ಜಾಗದ ಬೆಲೆ ಏರಿತು, ಮಾಲೀಕರಿಗೆ ಬೇರೆ ಕಟ್ಟಡ ಬೇಕಾಯಿತು ಅಂದರೆ ಬಿಚ್ಚಿಕೊಂಡು ಹೊರಡಬೇಕು. ಗುರುಕುಲದಲ್ಲಿ ಕಲಿತ ರಾಜನ್ ಖತಿವಡಾ, ಸೃಜನಾ ಸುಬ್ಬಾ, ದಯಾಹಾಂಗ್ ರಾಯಿ ಮುಂತಾದವರು ಕಟ್ಟಿದ ಮಂಡಲಾ ಥಿಯೇಟರ್ ಅನಾಮನಗರದಲ್ಲಿ ಹೆಸರು ಮಾಡಿತು, ಆಮೇಲೆ ಥಾಪಾಗಾವ್‌ಗೆ ಹೋಗಿ ಮತ್ತೆ ಮೊದಲಿಂದ ಕಟ್ಟಿಕೊಂಡಿತು. ಈ ದಯಾಹಾಂಗ್ ರಾಯಿ ಇವತ್ತು ನೇಪಾಳಿ ಸಿನಿಮಾದ ದೊಡ್ಡ ನಟ. ಸೌಗಾತ್ ಮಲ್ಲ ಕೂಡ ಗುರುಕುಲದ ಹುಡುಗನೇ. ಅವರ ಸಿನಿಮಾ ಎಲ್ಲರೂ ನೋಡುತ್ತಾರೆ, ಅವರನ್ನು ತಯಾರು ಮಾಡಿದ ಅಂಗಳ ಉಳಿಸಿಕೊಳ್ಳುವುದು ಮಾತ್ರ ಆಗಲಿಲ್ಲ. ನನಗೆ ಇದರಲ್ಲಿ ತುಂಬಾ ನೋವಾಗುತ್ತದೆ.

ಘಿಮಿರೆ ಯುವರಾಜ್ ಅವರ ಶಿಲ್ಪೀ ತಂಡದ ಗೋಠಾಲೆ ನಾಟಕಘರ್ ಬತ್ತೀಸಪುತಲಿಯಲ್ಲಿ. ಯಾತ್ರೆಯವರು ಈ ಹೆಸರು ಬರೆದಿಟ್ಟುಕೊಳ್ಳಿ. ಪಶುಪತಿನಾಥನ ದರ್ಶನ ಮುಗಿಸಿ ಗೌಶಾಲಾ ಚೌಕಕ್ಕೆ ಬಂದರೆ ಬತ್ತೀಸಪುತಲಿ ನಡೆಯುವ ದೂರ. ಪಶುಪತಿಯ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯಿಂದ ಹೋದವರು ಅಂತ ಕೇಳಿ ನಾವೆಲ್ಲ ಖುಷಿ ಪಡುತ್ತೇವೆ, ಊರಿಗೆ ಬಂದು ಹತ್ತು ಜನಕ್ಕೆ ಹೇಳುತ್ತೇವೆ. ಅಷ್ಟೇ ಹತ್ತಿರದಲ್ಲಿ ಒಂದು ರಂಗಮಂದಿರ ಇದೆ ಅನ್ನುವುದೂ ಗೊತ್ತಿರಲಿ.

ನೇಪಾಳಿ ಪರಂಪರೆ ಅಂತ ಸಲೀಸಾಗಿ ಬರೆಯುತ್ತಾ ಬಂದೆ, ಆದರೆ ಅದು ಒಂದಲ್ಲ. 2021ರ ಜನಗಣತಿಯಲ್ಲಿ ನೇಪಾಳದಲ್ಲಿ 124 ಭಾಷೆಗಳು ದಾಖಲಾಗಿವೆ. ಕಠ್ಮಂಡುವಿನ ರಂಗಭೂಮಿ ಹೆಚ್ಚಾಗಿ ಆಡುವುದು ನೇಪಾಳಿ ಭಾಷೆಯಲ್ಲಿ. ರಾಯಿ, ತಮಾಂಗ್, ಥಾರು ಜನರ ಕುಣಿತ ಬೇಕು, ಅವರ ಮಾತು ಬೇಡ ಅಂತಾದರೆ ಹೋಟೆಲಿನ ಸಾಂಸ್ಕೃತಿಕ ಸಂಜೆಗೂ ನಾಟಕಕ್ಕೂ ಏನು ವ್ಯತ್ಯಾಸ? ಈ ಪ್ರಶ್ನೆಯನ್ನು ಅಲ್ಲಿನ ಕಿರಿಯ ರಂಗಕರ್ಮಿಗಳೇ ಕೇಳಿಕೊಳ್ಳುತ್ತಿದ್ದಾರೆ, ಅದು ನನಗೆ ತುಂಬಾ ಹಿಡಿಸಿತು.

ಜನಕಪುರಕ್ಕೆ ಹೋಗುವವರು ಇನ್ನೊಂದು ಹೆಸರು ನೆನಪಿಡಿ. ಜಾನಕಿ ಮಂದಿರ ನೋಡಿ ನಾವು ಬಸ್ಸು ಹತ್ತುವ ಆ ಊರಿನಲ್ಲೇ ಮಿಥಿಲಾ ನಾಟ್ಯಕಲಾ ಪರಿಷದ್ ಇದೆ. ಮಿನಾಪ್ ಅನ್ನುತ್ತಾರೆ. ಮೈಥಿಲಿ ಭಾಷೆಯಲ್ಲಿ ನಾಟಕ ಆಡುವವರು, ಮಿಥಿಲೆಯ ಜನಪದ ಕುಣಿತಗಳನ್ನು ಉಳಿಸಿಕೊಂಡವರು. 2012ರ ಏಪ್ರಿಲ್ 30ರಂದು ಮಿಥಿಲಾ ರಾಜ್ಯ ಬೇಕು ಅಂತ ಜನ ಧರಣಿ ಕೂತಿದ್ದಾಗ ಅಲ್ಲಿ ಬಾಂಬ್ ಸಿಡಿಯಿತು. ಐದು ಜನ ಸತ್ತರು. ಅವರಲ್ಲಿ ಒಬ್ಬರು ಮಿನಾಪ್ ತಂಡದ ನಟಿ ರಂಜು ಝಾ. ಹೆಣ್ಣುಮಕ್ಕಳು ವೇದಿಕೆ ಹತ್ತುವುದೇ ಕಷ್ಟವಾದ ಕಡೆ ವರ್ಷಗಟ್ಟಲೆ ನಾಟಕ ಮಾಡಿದವರು. ತಂಡ ನಿಲ್ಲಲಿಲ್ಲ.

2015ರ ಏಪ್ರಿಲ್ 25ರ ಭೂಕಂಪವನ್ನೂ ಬಿಡುವ ಹಾಗಿಲ್ಲ. 7.8 ತೀವ್ರತೆ, ಸುಮಾರು 9,000 ಜನ ಹೋದರು. ಕಠ್ಮಂಡುವಿನ ದರ್ಬಾರ್ ಚೌಕದಲ್ಲಿ ಕಾಷ್ಠಮಂಡಪ ಬಿತ್ತು. ತ್ರೈಲೋಕ್ಯಮೋಹನ ನಾರಾಯಣ ದೇವಸ್ಥಾನ ಬಿತ್ತು. ಇಂದ್ರಜಾತ್ರೆಯ ಕಾಲದಲ್ಲಿ ಹತ್ತು ಅವತಾರಗಳನ್ನು ಆಡಿ ತೋರಿಸುವುದು ಈ ದೇವಸ್ಥಾನದ ಎದುರಿಗೆ, ಅದಕ್ಕೇ ಜನ ಇದನ್ನು ದಶಾವತಾರ ದೇವಸ್ಥಾನ ಅನ್ನುತ್ತಿದ್ದರು. ಆಡುವ ಜಾಗಗಳೇ ನೆಲ ಕಚ್ಚಿದ ವರ್ಷ ಅದು. ರಂಗದವರು ಡೇರೆಗಳಿಗೆ ಹೋಗಿ ಮಕ್ಕಳ ಜೊತೆ ಆಡಿದರು, ಹಾಡಿದರು, ಆಮೇಲೆ ತಮ್ಮ ಬಿರುಕು ಬಿಟ್ಟ ಗೋಡೆ ರಿಪೇರಿ ಮಾಡಿಕೊಂಡರು.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ.

ಯಾತ್ರಿಕರೇ, ಟಿಕೆಟ್ಟಿಗೆ ಕೆಲವು ನೂರು ನೇಪಾಳಿ ರೂಪಾಯಿ ಆಗುತ್ತದೆ, ನಮ್ಮ ದುಡ್ಡಲ್ಲಿ ಇನ್ನೂ ಕಡಿಮೆ. ನಾಟಕ ಹೆಚ್ಚಾಗಿ ಸಂಜೆ ಐದು, ಐದೂವರೆಗೇ ಶುರು, ಊಟದ ಹೊತ್ತಿಗೆ ಹೋಟೆಲಿಗೆ ವಾಪಸ್ ಬರಬಹುದು. ಅಲ್ಲಿನ ವಾರದ ರಜೆ ಶನಿವಾರ, ಅವತ್ತು ಮಧ್ಯಾಹ್ನವೂ ಆಟ ಇರುವುದುಂಟು. ಗಡಿಯಾರವನ್ನು ಕಾಲು ಗಂಟೆ ಮುಂದೆ ಇಟ್ಟುಕೊಳ್ಳಿ, ನಮ್ಮ ಸಮಯ ನೋಡಿಕೊಂಡು ಹೋದರೆ ಬಾಗಿಲು ಹಾಕಿರುತ್ತದೆ. ಜಾಗ ಬದಲಾಗುತ್ತಾ ಇರುವುದರಿಂದ ಹೊರಡುವ ಮುಂಚೆ ತಂಡಗಳ ಫೇಸ್‌ಬುಕ್ ಪುಟ ನೋಡಿ, ಯಾವ ನಾಟಕ, ಎಲ್ಲಿ ಅಂತ ಅಲ್ಲೇ ಹಾಕಿರುತ್ತಾರೆ. ನಾಟಕ ಆದ ಮೇಲೆ ಎದ್ದು ಓಡಬೇಡಿ. ಅಂಗಳದಲ್ಲಿ ನಟರು ಸಿಗುತ್ತಾರೆ, ಮಾತಾಡಿಸಿ. ಕರ್ನಾಟಕ ಅಂದರೆ ಮೊದಲು ಪಶುಪತಿ ಭಟ್ಟರ ಮಾತು ಬರುತ್ತದೆ, ಆಮೇಲೆ ನಾಟಕದ ಮಾತಿಗೆ ಇಳಿಯಬಹುದು.

ಟೂರ್‌ನವರೇ, ನಿಮ್ಮನ್ನು ದೂರುತ್ತಿಲ್ಲ. ಅರವತ್ತು ದಾಟಿದವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿಸಿ ಇಳಿಸುವುದು ಎಷ್ಟು ಕಷ್ಟ ಅಂತ ನೋಡಿದ್ದೇನೆ. ಆದರೆ ನಿಮ್ಮ ಪಟ್ಟಿಯಲ್ಲಿ ‘ಸಂಜೆ: ಶಾಪಿಂಗ್’ ಅಂತ ಇರುವ ಕಡೆ ‘ಶಾಪಿಂಗ್ ಅಥವಾ ನಾಟಕ’ ಅಂತ ಬರೆಯಿರಿ. ಇಪ್ಪತ್ತು ಜನ ಒಟ್ಟಿಗೆ ಬರುತ್ತೇವೆ ಅಂತ ಮೊದಲೇ ಫೋನ್ ಮಾಡಿದರೆ ಆ ಸಣ್ಣ ರಂಗಮಂದಿರಕ್ಕೆ ಅದು ಒಂದು ಸಂಜೆಯ ಖರ್ಚು ನೀಗಿಸುವಷ್ಟು ದೊಡ್ಡ ಸಂಖ್ಯೆ.

ನಾಟಕೋತ್ಸವ ಮಾಡುವವರೇ, ನಿಮ್ಮ ಹತ್ತಿರ ಕೇಳುವುದು ಸ್ವಲ್ಪ ಜಾಸ್ತಿ. ನೇಪಾಳದವರನ್ನು ಉದ್ಘಾಟನೆಯ ದಿನ ಹತ್ತು ನಿಮಿಷದ ಕುಣಿತಕ್ಕೆ ಅಂತ ಕರೆಯಬೇಡಿ. ಪೂರ್ತಿ ನಾಟಕಕ್ಕೆ ಕರೆಯಿರಿ, ಸಾಧ್ಯವಾದರೆ ಹತ್ತು ಹದಿನೈದು ದಿನ ಇರಿಸಿಕೊಳ್ಳಿ. ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣ ಇಂಥ ಕಡೆ ಅವರೂ ನಮ್ಮ ಹುಡುಗರೂ ಒಟ್ಟಿಗೆ ತಾಲೀಮು ಮಾಡಲಿ. ಕಚಹರಿ ನಾಟಕವನ್ನು ಅವರು ನಮ್ಮ ಬೀದಿ ನಾಟಕದವರಿಗೆ ಕಲಿಸಲಿ, ನಮ್ಮ ಹಳ್ಳಿಗಳಲ್ಲೂ ನಲ್ಲಿಯ ಜಗಳ ಮುಗಿದಿಲ್ಲ. ನರಸಿಂಹನನ್ನು ಅವರು ಹೇಗೆ ಕುಣಿಯುತ್ತಾರೆ, ನಾವು ಹೇಗೆ ಕುಣಿಯುತ್ತೇವೆ ಅಂತ ಎರಡೂ ಕಡೆಯ ಕಲಾವಿದರು ಒಂದೇ ಅಂಗಳದಲ್ಲಿ ನೋಡಿಕೊಳ್ಳಲಿ. ಯುರೋಪಿನ ತಂಡ ಕರೆಸಲು ವೀಸಾ, ವಿಮಾನ ಅಂತ ಎಷ್ಟು ಓಡಾಡುತ್ತೇವೆ. ನೇಪಾಳದವರಿಗೆ ಇಲ್ಲಿಗೆ ಬರಲು ವೀಸಾ ಬೇಡ, ಬಸ್ಸಿನಲ್ಲಿ ಗಡಿ ದಾಟಿ ರಕ್ಸೌಲಿನಲ್ಲೋ ಗೋರಖಪುರದಲ್ಲೋ ರೈಲು ಹತ್ತಿದರೆ ಆಯಿತು.

ಮುಂದಿನ ಉತ್ಸವಕ್ಕೆ ಯಾವ ತಂಡ ಅಂತ ಕೂತು ಮಾತಾಡುವಾಗ ಮಂಡಲಾ, ಶಿಲ್ಪೀ, ಸರ್ವನಾಮ್, ಮಿನಾಪ್ ಈ ನಾಲ್ಕು ಹೆಸರನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ನಿಮ್ಮ ಹೊಸ ನಾಟಕ ಯಾವುದು, ಎಷ್ಟು ಜನ ಬರುತ್ತೀರಿ, ಎಷ್ಟು ಖರ್ಚಾಗುತ್ತದೆ ಅಂತ ಒಂದು ಕಾಗದ ಬರೆಯಿರಿ. ಹಿಂದಿಯಲ್ಲಿ ಬರೆದರೂ ಆಗುತ್ತದೆ. ಅವರು ಬಂದರೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬರುವುದರಿಂದ ಹಿಡಿದು ಟಿಕೆಟ್ ಮಾರುವವರೆಗೆ ಯಾವ ಕೆಲಸ ಹೇಳಿದರೂ ಮಾಡಲು ನಾನು ತಯಾರಿದ್ದೇನೆ.

ಇಂತಿ,
ಹಿಂದಿನ ಸಾಲಿನಲ್ಲಿ ಕೂತು ನಾಟಕ ನೋಡುವ ನಿಮ್ಮವರಲ್ಲಿ ಒಬ್ಬ